ಅಂಚೆಯವರ ಕೋಟು

ಇಂಚು ಮಾಸ್ಟರು ಜನರನ್ನು ಮುಖದಿಂದ ಗುರುತಿಸುವವರಲ್ಲ, ಹೆಗಲಿನಿಂದ ಗುರುತಿಸುವವರು. ಹೊಸ್ತಿಲು ದಾಟಿ ನೀವು ಅವರ ಹೊಲಿಗೆ ಅಂಗಡಿಯೊಳಗೆ ಕಾಲಿಡುವಷ್ಟರಲ್ಲಿ ಅವರ ದೃಷ್ಟಿ ನಿಮ್ಮ ಕತ್ತಿನ ಬುಡದಿಂದ ತೋಳಿನ ತುದಿಯವರೆಗೆ ಹರಿದು ಅಳತೆ ಮುಗಿಸಿರುತ್ತದೆ. ಆಮೇಲೆ ಟೇಪು ಹಿಡಿಯುವುದೆಲ್ಲ ನಿಮ್ಮ ಸಮಾಧಾನಕ್ಕೆ. ನನ್ನ ಎಡ ಹೆಗಲು ಬಲದ್ದಕ್ಕಿಂತ ಕಾಲಿಂಚು ತಗ್ಗು ಎಂಬ ಸತ್ಯ ಹೆತ್ತವರಿಗೂ ತಿಳಿದಿರಲಿಲ್ಲ, ಮನೆಯ ಕನ್ನಡಿಗೂ ತಿಳಿದಿರಲಿಲ್ಲ. ಮೊದಲ ಭೇಟಿಯಲ್ಲೇ ಅದನ್ನು ನಾಲ್ಕು ಜನರೆದುರು ಸಾರಿ ನನ್ನ ಆತ್ಮಗೌರವವನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿದ ಪುಣ್ಯಾತ್ಮರು ಅವರು.

ಮೈಮೇಲೆ ಸದಾ ಅದೇ ಬೂದು ಕೋಟು, ಕೊರಳಲ್ಲಿ ಟೇಪು, ಅದರ ಒಂದು ತುದಿ ಎಡಗೈ ಮುಷ್ಟಿಯಲ್ಲಿ. ಯಾರೋ ಅದನ್ನು ಹಿಡಿದು ಮುಂದಕ್ಕೆ ಎಳೆಯುತ್ತಿದ್ದಾರೋ ಎಂಬಂತೆ ತುಸು ಬಾಗಿ, ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ನಡೆಯುತ್ತಾರೆ. ಯಾವ ಅಭಿಪ್ರಾಯ ಹೇಳಿದರೂ ಕೊನೆಗೆ "ಅರ್ಧ ಇಂಚು ಬಿಟ್ಟು ಹೇಳ್ತಿದೀನಿ" ಎಂದು ಸೇರಿಸುವುದು ಅವರ ವಾಡಿಕೆ. ಮುಂದೆ ಬಿಚ್ಚಿ ಹಿಗ್ಗಿಸಲು ಬಟ್ಟೆಯಲ್ಲಿ ಬಿಡುವ ಜಾಗ ಮಾತಿನಲ್ಲೂ ಇರಲಿ ಎಂಬ ವಿವೇಕ. ಇಂಥ ಉದಾರಿ ಒಂದೇ ಒಂದು ವಿಷಯದಲ್ಲಿ ಕೂದಲೆಳೆಯಷ್ಟೂ ಜಾಗ ಬಿಡುತ್ತಿರಲಿಲ್ಲ. ಅದು ಅಂಗಡಿಯ ಪಾಸ್‌ವರ್ಡುಗಳ ವಿಷಯ.

ಅದಕ್ಕೊಂದು ಪೂರ್ವಕಥೆಯಿದೆ. ಗಲ್ಲಾ ಮೇಜಿನ ಮೇಲಿನ ಕಂಪ್ಯೂಟರು, ಕತ್ತರಿಸುವ ಮೇಜಿನ ಟ್ಯಾಬು, ಜೇಬಿನ ಫೋನು, ಈ ಮೂರಕ್ಕೂ ಅವರು ಒಂದು ಕಾಲದಲ್ಲಿ ಒಂದೇ ಪಾಸ್‌ವರ್ಡು ಇಟ್ಟಿದ್ದರು. ಅದನ್ನು ಪತ್ತೆ ಹಚ್ಚಿದ ಯಾರೋ ಪುಂಡ, ಮಾಸ್ಟರ ಖಾತೆಯೊಳಗೆ ಹೊಕ್ಕು, ಅಂಗಡಿ ಶಾಶ್ವತವಾಗಿ ಮುಚ್ಚಿದೆಯೆಂದು ಗಿರಾಕಿಗಳಿಗೆಲ್ಲ ಸಂದೇಶ ಕಳಿಸಿದ. ವಾರವಿಡೀ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಎಂಟನೆಯ ದಿನ ಹಳೆಯ ಗಿರಾಕಿ ಹಲ್ಲಿನ ಡಾಕ್ಟರೊಬ್ಬರು ಹಣ್ಣಿನ ಬುಟ್ಟಿ ಹಿಡಿದು ಮಾಸ್ಟರ ಆರೋಗ್ಯ ವಿಚಾರಿಸಲು ಮನೆಗೆ ಬಂದಾಗಲೇ ಅನಾಹುತ ಬೆಳಕಿಗೆ ಬಂದದ್ದು. ಅಂದಿನಿಂದ ಒಂದೊಂದಕ್ಕೆ ಒಂದೊಂದು ಪಾಸ್‌ವರ್ಡು, ಎಲ್ಲವೂ ಮಾಸ್ಟರೊಬ್ಬರ ಸ್ವತ್ತು. ಇಪ್ಪತ್ತೆರಡು ವರ್ಷದಿಂದ ಪಕ್ಕದಲ್ಲೇ ಹೊಲಿಯುತ್ತ ಕುಳಿತ ಒಡಹುಟ್ಟಿದ ತಂಗಿಗೂ ಅವನ್ನು ಹೇಳಲಿಲ್ಲ.

ಬಚ್ಚಿಟ್ಟ ಬಗೆಯಾದರೂ ಎಂಥದು! ಅಳತೆ ಪುಸ್ತಕದಲ್ಲಿ ಮಾಸ್ಟರು ಗಿರಾಕಿಗಳ ಹೆಸರು ಬರೆಯುವುದಿಲ್ಲ. 'ಪಿಟೀಲಿನವರು', 'ಜೋರಾಗಿ ನಗೋರು', ಹೀಗೆ ತಮಗೆ ಹೊಳೆದದ್ದನ್ನು ಬರೆಯುತ್ತಾರೆ. ಆ ನಿಜವಾದ ಮನುಷ್ಯರ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಸುಳ್ಳು ಗಿರಾಕಿಯನ್ನು ಅವರು ಕೂರಿಸಿದರು. ಬ್ಯಾಂಕಿನ ಪಾಸ್‌ವರ್ಡು 'ಖಜಾನೆಯವರು' ಎಂಬ ಹೆಸರಿನಡಿ, ಅಂಗಡಿಯ ಇಮೇಲಿನದು 'ಅಂಚೆಯವರು' ಎಂಬ ಹೆಸರಿನಡಿ. ಮುಂದೆ ಉಡುಪಿನ ಹೆಸರು, ಅದರ ಮುಂದೆ ಎದೆ, ಸೊಂಟ, ತೋಳುಗಳ ಅಂಕಿ. ಸಾಲಾಗಿ ಓದಿಕೊಂಡರೆ ಅದೇ ಪಾಸ್‌ವರ್ಡು. ಪಾಸ್‌ವರ್ಡು ಬದಲಿಸಬೇಕಾದ ದಿನವನ್ನು, ಉಡುಪು ಕೊಡುವ ದಿನದ ಅಂಕಣದಲ್ಲಿ ಬರೆದಿಡುತ್ತಿದ್ದರು. ಈ ಉಪಾಯಕ್ಕೆ ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರೆಂದು ಆಮೇಲೆ ಅವರೇ ನನಗೆ ಹೇಳಿದರು.

ಹೀಗಿರುವಾಗ ಎರಡು ಸಂಗತಿ ಒಟ್ಟಿಗೇ ಬಂದವು. ಮಾಸ್ಟರ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆ ನಿಶ್ಚಯವಾಯಿತು; ಮೂರು ವಾರ ಅಂಗಡಿಯ ಕಡೆ ತಲೆ ಹಾಕಬಾರದೆಂದು ಡಾಕ್ಟರ ಕಟ್ಟಪ್ಪಣೆ. ಅದೇ ಹೊತ್ತಿಗೆ ಮುಖ್ಯ ರಸ್ತೆಯ ದೊಡ್ಡ ಬಟ್ಟೆ ಮಳಿಗೆಯವರು ತಂಗಿಯನ್ನು ತಮ್ಮಲ್ಲಿಗೆ ಬಟ್ಟೆ ಕತ್ತರಿಸುವ ಮುಖ್ಯ ಕಟರ್ ಆಗಿ ಕರೆದರು, ಮುಂದಿನ ತಿಂಗಳ ಕೊನೆಗೆ ಉತ್ತರ ಕೇಳಿದರು. ತಂಗಿ ಅದನ್ನು ಮುಚ್ಚಿಡಲಿಲ್ಲ. ಮಾಸ್ಟರು ಹೋಗುವುದಾದರೆ ಹೋಗು ಎಂದು ಬಿಗುಮಾನದಿಂದ ಹೇಳಿಬಿಟ್ಟರು. ಹೇಳಿದ ಮೇಲೆ ಸೂಜಿಗೆ ದಾರ ಪೋಣಿಸಲು ಆರು ಸಲ ಹೆಣಗಿದರು, ತಪ್ಪನ್ನು ಪೊರೆಯ ಮೇಲೆ ಹಾಕಿದರು. 

ತಂಗಿ ಅಂಗಡಿ ವಹಿಸಿಕೊಂಡ ಎರಡನೆಯ ದಿನವೇ ಕಂಪ್ಯೂಟರು ಇಮೇಲಿನ ಪಾಸ್‌ವರ್ಡು ಕೇಳಿ ಮುಷ್ಕರ ಹೂಡಿತು. ಅವಳು ಅಣ್ಣನಿಗೆ ಫೋನು ಮಾಡಿದಳು. ಅಂಕಿಗಳು ಅವರ ನೆನಪಿನಲ್ಲಿರಲಿಲ್ಲ, ಪುಸ್ತಕದ ಇಂಥ ಪುಟ ನೋಡು ಎನ್ನಲು ಬಾಯಿ ಬರಲಿಲ್ಲ. ನಾನೇ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಬಿಟ್ಟುಬಿಡು ಎಂದರು. ಅವಳು ಬಿಟ್ಟಳು. ತಮ್ಮ ವಾದ್ಯಮೇಳದ ಉಡುಪು ನಾಲ್ಕು ದಿನ ಮೊದಲೇ ಬೇಕೆಂದು ಪಿಟೀಲಿನವರು ಬರೆದ ಮೂರು ಇಮೇಲು ಯಾರ ಕಣ್ಣಿಗೂ ಬೀಳದೆ ಕೊಳೆತವು. ಕೊನೆಗೆ ಅವರೇ ಬಂದು ಅಂಗಡಿಯ ಸೂರು ಹಾರಿಹೋಗುವಂತೆ ಕೂಗಾಡಿದರು. ತಂಗಿ ತಲೆ ತಗ್ಗಿಸಿ ಬೈಸಿಕೊಂಡು, ಅವರ ಕೆಲಸ ಮುಗಿಸಿಕೊಟ್ಟು, ಅಳತೆ ಪುಸ್ತಕದ ಬಾಕಿ ಕೆಲಸಗಳಿಗೆ ತಿರುಗಿದಳು.

ಮೂರು ವಾರದ ನಂತರ ಕರಿ ಕನ್ನಡಕ ಧರಿಸಿ ಮಾಸ್ಟರು ಅಂಗಡಿಗೆ ಬಂದರು. ನಡುವೆ ನಿಂತ ಮರದ ಗೊಂಬೆಯ ಮೇಲೆ ನೀಲಿ ಕೋಟೊಂದಿತ್ತು. ಹೊಲಿಗೆ ಅಚ್ಚುಕಟ್ಟು, ಕಾಲರು ಚಿತ್ರ ಬರೆದಂತಿತ್ತು. ಆದರೆ ಎಡತೋಳು ಇಪ್ಪತ್ತಾರು ಇಂಚು, ಬಲತೋಳು ಇಪ್ಪತ್ತೊಂದು. ಇದು ಯಾರದೆಂದು ಕೇಳಿದರು.

"ಅಂಚೆಯವರದ್ದು. ಕೊಡೋ ದಿನ ಆಗೋಯ್ತು, ಇನ್ನೂ ಬಂದಿಲ್ಲ. ಪಾಪ, ಬಲಗೈ ಗಿಡ್ಡ ಅಲ್ವಾ, ಹಾಕ್ಕೊಳ್ಳೋವಾಗ ಸಲೀಸಾಗಿ ಜಾರಲಿ ಅಂತ ಆ ತೋಳಿಗೆ ಒಳಗೆ ರೇಷ್ಮೆ ಕೊಟ್ಟಿದೀನಿ. ಬಟ್ಟೆ ತಂದುಕೊಟ್ಟಿರ್ಲಿಲ್ಲ, ನಮ್ಮದೇ ಹಾಕಿದೆ."

ಮಾಸ್ಟರಿಗೆ ಮೊದಲು ನಗು ಉಕ್ಕಿತು. ಕಣ್ಣಿಗೆ ಆಯಾಸ ಮಾಡಿಕೊಳ್ಳಬಾರದೆಂಬುದನ್ನೂ ಮರೆತು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ, ಈ ಅಳತೆ ನೋಡಿ ನಿನಗೆ ಒಂದಿಷ್ಟೂ ಅನುಮಾನ ಬರಲಿಲ್ಲವೇ ಎಂದು ಕೇಳಿದರು.

"ನೀನು ಬರೆದಿದ್ದಲ್ವಾ ಅಣ್ಣ, ಅನುಮಾನ ಯಾಕೆ ಬರ್ಬೇಕು?"

ನಗು ಅಲ್ಲಿಗೇ ನಿಂತಿತು. ಇಪ್ಪತ್ತೆರಡು ವರ್ಷ ತಾವು ಬರೆದ ಪ್ರತಿ ಅಂಕಿಯನ್ನೂ ಇವಳು ಕಣ್ಣಿಗೊತ್ತಿಕೊಂಡು ಕತ್ತರಿ ಹಾಕಿದ್ದಾಳೆ. ತಾವು ಇವಳ ಕಣ್ಣಿಗೆ ಮಣ್ಣೆರಚಲೆಂದೇ ಅದೇ ಪುಸ್ತಕದಲ್ಲಿ ಸುಳ್ಳು ಬರೆದವರು. ಮಾಸ್ಟರಿಗೆ ನಾಚಿಕೆಯಾಯಿತು. ಸ್ಟೂಲಿನ ಮೇಲೆ ಕುಳಿತು ಖಜಾನೆಯವರಿಂದ ಹಿಡಿದು ಎಲ್ಲ ಸುಳ್ಳು ಗಿರಾಕಿಗಳನ್ನೂ ಒಬ್ಬೊಬ್ಬರಾಗಿ ಬಯಲಿಗೆಳೆದರು. ತಂಗಿ ಕೋಟಿನ ಗುಂಡಿ ಬಿಚ್ಚಿ, ಮಡಿಚಿ, ಕಪಾಟಿನಲ್ಲಿಟ್ಟಳು. ಅದಕ್ಕಿಂತ ಪಿಟೀಲಿನವರ ಕೂಗಾಟವೇ ವಾಸಿಯೆನಿಸಿತು ಅವರಿಗೆ.

ಮಾರನೆಯ ದಿನ ಎದುರಿನ ಮೊಬೈಲ್ ರಿಪೇರಿಯ ಹೆಂಗಸನ್ನು ಮಾಸ್ಟರೇ ಕರೆತಂದರು. ಅವಳು ಮೂರು ದಾರಿ ಹೇಳಿದಳು. ಪುಸ್ತಕದಲ್ಲಿ ಬರೆದಿಡಬಹುದು, ಅದರ ಫಲ ಕಪಾಟಿನಲ್ಲಿದೆ. ಕಂಪ್ಯೂಟರಿಗೇ ನೆನಪಿಟ್ಟುಕೋ ಎನ್ನಬಹುದು, ಆಗ ಆ ಕುರ್ಚಿಯಲ್ಲಿ ಕುಳಿತವರೆಲ್ಲ ಒಡೆಯರೇ. ಮೂರನೆಯದು, ಪಾಸ್‌ವರ್ಡುಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಆ್ಯಪು: ಮೂರೂ ಯಂತ್ರಗಳಲ್ಲಿ ತೆರೆಯುತ್ತದೆ, ಒಂದರಲ್ಲಿ ಬದಲಿಸಿದ್ದು ಉಳಿದೆರಡಕ್ಕೂ ತಾನೇ ತಲುಪುತ್ತದೆ, ನೆನಪಿಡಬೇಕಾದದ್ದು ಪೆಟ್ಟಿಗೆಯ ಒಂದೇ ಒಂದು ಉದ್ದನೆಯ ಪಾಸ್‌ವರ್ಡು.

ಮಾಸ್ಟರು ಸುಲಭಕ್ಕೆ ಬಗ್ಗುವವರೇ? ಫೋನು ಕಳೆದರೆ ಏನು ಗತಿ, ಆ ಕಂಪನಿಯವರೇ ಇಣುಕಿದರೆ, ಆ ಒಂದು ಪಾಸ್‌ವರ್ಡೇ ಮರೆತರೆ, ಎಂದು ಅವಳ ಜೀವ ಹಿಂಡಿದರು. ಹೊಸ ಬಟ್ಟೆಯನ್ನು ನೀರಿಗೆ ಹಾಕಿ ಎಷ್ಟು ಕುಗ್ಗುತ್ತದೆಂದು ನೋಡುವ ಹಾಗೆ, ಒಂದು ವಾರ ಬರೀ ಟ್ಯಾಬಿನಲ್ಲಿ, ಕಳೆದರೂ ನಷ್ಟವಿಲ್ಲದ ಎರಡು ಪಾಸ್‌ವರ್ಡು ಹಾಕಿ ಪರೀಕ್ಷಿಸಿದರು. ಕೊನೆಗೆ ಒಪ್ಪಿದರು. ಪೆಟ್ಟಿಗೆಯ ಪಾಸ್‌ವರ್ಡು ಬರೆದ ಚೀಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಮನೆಯ ಬೀರುವಿನಲ್ಲಿಡುವುದೆಂದು ನಿಶ್ಚಯವಾಯಿತು. ಪೆಟ್ಟಿಗೆಗೆ ಆ ಪಾಸ್‌ವರ್ಡು ಹಾಕುವ ಗಳಿಗೆ ಬಂದಾಗ ರಿಪೇರಿಯ ಹೆಂಗಸು ಬೆನ್ನು ತಿರುಗಿಸಿ ನಿಂತಳು. ಮಾಸ್ಟರು ಕೀಲಿಮಣೆಯನ್ನು ತಂಗಿಯ ಮುಂದಕ್ಕೆ ಸರಿಸಿದರು.

"ನೀನೇ ಇಡು. ನಾನು ನಿನ್ನನ್ನ ಕೇಳಿ ಕಲಿತ್ಕೋತೀನಿ."

ಅವಳು ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಜೋಡಿಸಿ ಹಾಕಿದಳು. ಮಾಸ್ಟರು ಅದನ್ನು ಮಗ್ಗಿ ಕಲಿಯುವವರಂತೆ ತುಟಿಯಲ್ಲೇ ಉರುಹೊಡೆದರು. ಹೋಗುತ್ತೀಯಾ ಇರುತ್ತೀಯಾ ಎಂದು ಕೇಳಲು ಮಾತ್ರ ಅವರಿಗೆ ಧೈರ್ಯವಾಗಲಿಲ್ಲ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಮಳಿಗೆಯವರ ಫೋನು ಬಂತು. ನಾನು ಅಲ್ಲೇ ಇದ್ದೆ. ಮಾಸ್ಟರು ಗುಂಡುಸೂಜಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ತೂರಿಕೊಂಡರು. ತಂಗಿ ಅತ್ತಲಿನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಕರೆದದ್ದಕ್ಕೆ ಉಪಕಾರ ಹೇಳಿ, ಎರಡೇ ಮಾತಿನಲ್ಲಿ ಮುಗಿಸಿದಳು.

"ಇಲ್ಲ, ಬರೋಕಾಗಲ್ಲ. ನಂದೇ ಅಂಗಡಿ ಇದೆ."

ಮಾಸ್ಟರು ಬಹಳ ಹೊತ್ತು ಮೇಜಿನ ಕೆಳಗಿನಿಂದ ಏಳಲಿಲ್ಲ. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಈ ಸಲ ಪೊರೆಯ ಮೇಲೆ ತಪ್ಪು ಹಾಕುವಂತಿರಲಿಲ್ಲ.

ಎಲ್ಲವನ್ನೂ ತಾವೊಬ್ಬರೇ ಹೊರುವ ಇಂಥವರು ಪ್ರತಿ ಬೀದಿಯಲ್ಲೂ ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ನಾವು ಅವರನ್ನು ಅನುಮಾನದ ಪ್ರಾಣಿಗಳೆಂದು ಜರೆಯುತ್ತೇವೆ, ಅದು ಅರ್ಧ ಸತ್ಯ. ಕಳ್ಳರಿಗೆ ಅವರು ಹೆದರುವುದು ಹೌದು. ಅದಕ್ಕಿಂತ ಹೆಚ್ಚಾಗಿ, ತಾವಿಲ್ಲದ ದಿನವೂ ಬಾಗಿಲು ತೆರೆದೀತು, ಕೆಲಸ ನಡೆದೀತು ಎಂಬುದಕ್ಕೆ ಹೆದರುತ್ತಾರೆ. ಆ ಹೆದರಿಕೆಯನ್ನು ದಾಟಿ ಇನ್ನೊಬ್ಬರ ಕೈಗೆ ಎಲ್ಲವನ್ನೂ ಕೊಟ್ಟ ದಿನ ಅವರಿಗೆ ತಿಳಿಯುತ್ತದೆ, ಆ ಇನ್ನೊಬ್ಬರು ಇಷ್ಟು ವರ್ಷ ಕಾಯುತ್ತಿದ್ದದ್ದು ಒಳಗೆ ಬರುವುದಕ್ಕೇ ಹೊರತು ಬಿಟ್ಟುಹೋಗುವುದಕ್ಕಲ್ಲ ಎಂದು.