ಅಂಡರ್‌ಪಾಸ್ ಬೇಡವೆಂದ ಬೀದಿ

ನಮ್ಮಪ್ಪ ತನ್ನ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಜಾಣತನದ ಕೆಲಸವೆಂದರೆ ಹೆಣ್ಣುಮಕ್ಕಳಾದ ನಮ್ಮಿಬ್ಬರನ್ನೂ ಒಂದೇ ಬೀದಿಗೆ ಮದುವೆ ಮಾಡಿಕೊಟ್ಟದ್ದು. ಅಕ್ಕ ಆ ಬದಿಯ ಚಪ್ಪಲಿ ಅಂಗಡಿಯವರ ಸೊಸೆ, ನಾನು ಈ ಬದಿಯ ಹಾರ್ಡ್‌ವೇರ್ ಅಂಗಡಿಯವರ ಸೊಸೆ. ಎರಡೂ ಕಡೆ ಕೆಳಗೆ ಅಂಗಡಿ, ಮೇಲೆ ಸಂಸಾರ, ನಡುವೆ ರಸ್ತೆ. ಮೋಡ ಕಟ್ಟಿದ ದಿನ "ಏಯ್, ಬಟ್ಟೆ ತೆಗಿಯೇ" ಎಂದು ಅಕ್ಕ ತನ್ನ ಕಿಟಕಿಯಿಂದಲೇ ಕೂಗುತ್ತಿದ್ದಳು. ಅವಳಿಗೆ ಗಂಟಲಿನ ಧಾರಾಳ ಹುಟ್ಟಿನಿಂದ ಬಂದದ್ದು.

ನಾವಿಬ್ಬರೂ ಸೇರಿ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದೆವು. ಅಕ್ಕನ ಬದಿಯ ಕೊನೆಯಲ್ಲಿರುವ ದೊಡ್ಡ ಶಾಲೆಯ ಕೆಲಸ ವರ್ಷ ವರ್ಷವೂ ನಮಗೇ. ಬಟ್ಟೆ ಕತ್ತರಿಸುವವಳು ನಾನು, ಏಕೆಂದರೆ ಅಕ್ಕನ ಕತ್ತರಿ ಎಂದೂ ನೆಟ್ಟಗೆ ಹೋದದ್ದಿಲ್ಲ. ಹೊಲಿಯುವವಳು ಅವಳು, ಏಕೆಂದರೆ ಮಿಷನ್ನಿನ ಮುಂದೆ ಕೂತರೆ ನನಗೆ ಸೊಂಟ ಹಿಡಿಯುತ್ತದೆ. ಕಾಜಾ, ಗುಂಡಿ ನನ್ನ ಪಾಲಿಗೆ. ಇಸ್ತ್ರಿ ಅವಳ ಪಾಲಿಗೆ. ಹೀಗಾಗಿ ಒಂದು ಅಂಗಿ ಅಂಗಿಯಾಗುವಷ್ಟರಲ್ಲಿ ಮೂರು ಸಲ ರಸ್ತೆ ದಾಟಿರುತ್ತಿತ್ತು. "ಹಾಕ್ಕೊಳ್ಳೋ ಮಕ್ಕಳಿಗಿಂತ ಈ ಅಂಗಿಗಳಿಗೇ ರಸ್ತೆ ದಾಟೋದು ಚೆನ್ನಾಗಿ ಗೊತ್ತು" ಎಂದು ಅಕ್ಕ ನಗುತ್ತಿದ್ದಳು. ಬಟ್ಟೆಯ ಗಂಟಿನ ಜೊತೆ ಸುದ್ದಿ ದಾಟುತ್ತಿತ್ತು, ಚಾಡಿ ದಾಟುತ್ತಿತ್ತು. ಬೆಳಿಗ್ಗೆ ಮುನಿಸಿಕೊಂಡು ಹೋದವಳು ಸಂಜೆಯ ಗಂಟು ತರುವಾಗ ಮುನಿಸು ಎಲ್ಲಿಟ್ಟೆನೆಂದು ಮರೆತಿರುತ್ತಿದ್ದೆ. ಆ ಸಂಪಾದನೆ ನಮ್ಮದು, ಗಂಡಂದಿರ ಗಲ್ಲಾಪೆಟ್ಟಿಗೆಗೆ ಸೇರಿದ್ದಲ್ಲ. ಅದೊಂದು ಕಾರಣಕ್ಕೇ ಇಬ್ಬರೂ ಆ ಬೀದಿಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದೆವು.

ಅಷ್ಟರಲ್ಲಿ ಹೆದ್ದಾರಿ ಬಂತು. ಬಂದರಿನಿಂದ ರಾಜಧಾನಿಗೆ ಒಂದೇ ಉಸಿರಿನಲ್ಲಿ ಹೋಗುವ ರಸ್ತೆಯಂತೆ, ಅದು ನಮ್ಮ ಬೀದಿಯ ಮೇಲೇ ಹಾಯುತ್ತದಂತೆ. ನೆಲದ ಮೇಲಲ್ಲ, ಎರಡೂ ಬದಿ ಗೋಡೆ ಎಬ್ಬಿಸಿ ನಡುವೆ ಮಣ್ಣು ತುಂಬಿ, ಅದರ ನೆತ್ತಿಯ ಮೇಲೆ. ಗಂಡಸರಿಗೆ ಎಲ್ಲಿಲ್ಲದ ಸಂಭ್ರಮ. ದೇಶ ಶೇಕಡಾ ಎಷ್ಟು ಬೆಳೆಯುತ್ತಿದೆ ಎಂದು ನನ್ನ ಗಂಡ ಪೇಪರ್ ನೋಡಿ ದಿನಾ ಹೇಳುತ್ತಿದ್ದರು, ಮನೆಯ ಮಗುವಿನ ಎತ್ತರ ಹೇಳಿದ ಹಾಗೆ.

"ನೋಡ್ತಿರು, ನಮ್ಮ ಜಾಗಕ್ಕೆ ಚಿನ್ನದ ಬೆಲೆ ಬರುತ್ತೆ."

"ಮಾರ್ತೀರಾ?"

"ಮಾರೋದ್ಯಾಕೆ?"

"ಮಾರದಿದ್ರೆ ಆ ಬೆಲೆ ಇಟ್ಕೊಂಡು ಏನು ಮಾಡ್ತೀರಿ?"

"ನಿನಗೆ ಅರ್ಥ ಆಗಲ್ಲ ಬಿಡು." ನಮ್ಮ ಮನೆಯಲ್ಲಿ ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಇದು.

ಒಂದು ದಿನ ಹೆದ್ದಾರಿಯ ಎಂಜಿನಿಯರ್ ಬಂದ. ಇನ್ನೂ ಮೀಸೆ ಸರಿಯಾಗಿ ಮೂಡದ, ಮೆದು ಮಾತಿನ ಹುಡುಗ. ಬೀದಿಯ ವರ್ತಕರೆಲ್ಲ ನಮ್ಮ ಗೋಡೌನಿನಲ್ಲಿ ಸಿಮೆಂಟ್ ಚೀಲಗಳ ಮೇಲೆ ಕೂತರು. ಅಕ್ಕ, ನಾನು ಚಹಾ ಕೊಟ್ಟು ಬಾಗಿಲ ಬಳಿ ನಿಂತೆವು. ಅವನು ನಕ್ಷೆ ಬಿಚ್ಚಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಮ್ಮದೇ ಚಹಾ ಲೋಟಗಳನ್ನಿಟ್ಟ. ರಸ್ತೆಯ ಕೆಳಗೆ ಜನ ದಾಟಲು ಒಂದು ಅಂಡರ್‌ಪಾಸ್ ಮಾಡುತ್ತೇವೆ, ಜನ ಹೆಚ್ಚು ದಾಟುವ ಜಾಗದಲ್ಲೇ ಗುರುತು ಹಾಕಿದ್ದೇವೆ ಎಂದ. ಪೆನ್ಸಿಲ್ ಇಟ್ಟ ಜಾಗ ನೋಡಿ ಅಕ್ಕ ನನ್ನ ಕೈ ಚಿವುಟಿದಳು. ಅದು ಸರಿಯಾಗಿ ಅವಳ ಮನೆಗೂ ನನ್ನ ಮನೆಗೂ ನಡುವೆ ಇತ್ತು.

"ಅಲ್ಲಿ ಬೇಡ" ಎಂದರು ನನ್ನ ಗಂಡ.

ಅಂಗಡಿಯ ಮೆಟ್ಟಿಲು ಹೋಗುತ್ತದಂತೆ. ಕತ್ತಲೆ ಗವಿಯಲ್ಲಿ ಕುಡುಕರು ಸೇರುತ್ತಾರಂತೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದಂತೆ. ಭಾವ ತಲೆಯಾಡಿಸಿದರು. ಮದುವೆಯಾದಂದಿನಿಂದ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಇಬ್ಬರು ಷಡ್ಡಕರು ಅವತ್ತು ಒಂದಾದರು. ಸ್ವಲ್ಪ ಮುಂದಕ್ಕೆ ಹಾಕಿ, ಔಷಧಿ ಅಂಗಡಿ ಹತ್ತಿರ ಎಂದರು. ಔಷಧಿ ಅಂಗಡಿಯವರಿಗೆ ಕೂಡಲೇ ರೋಗಿಗಳ ಮೇಲೆ ಕಾಳಜಿ ಉಕ್ಕಿತು: ಧೂಳು ಬಂದರೆ ಅವರ ಗತಿ? ಇನ್ನೂ ಮುಂದಕ್ಕೆ, ಹಿಟ್ಟಿನ ಗಿರಣಿ ಹತ್ತಿರ. ಗಿರಣಿಯವರಿಗೆ ಲಾರಿ ನಿಲ್ಲಿಸಲು ಜಾಗ ಬೇಕು. ಹಾಗಾದರೆ ಶಾಲೆಯ ಮುಂದೆ. ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು ಮಕ್ಕಳ ಸುರಕ್ಷತೆಯ ಬಗ್ಗೆ ಸಣ್ಣ ಭಾಷಣವನ್ನೇ ಮಾಡಿದರು. ಮಕ್ಕಳು ಸುರಕ್ಷಿತವಾಗಿ ದಾಟಲೆಂದೇ ಅದನ್ನು ಮಾಡುವುದಲ್ಲವೇ ಎಂದು ಒಬ್ಬನೂ ಕೇಳಲಿಲ್ಲ. ಹುಡುಗ ಎಂಜಿನಿಯರ್ ಅಳಿಸಿ ಬರೆದು, ಅಳಿಸಿ ಬರೆದು, ಕೊನೆಗೆ ಅವನ ಪೆನ್ಸಿಲ್ ಬೀದಿ ಮುಗಿದು ಸ್ಮಶಾನದ ಹತ್ತಿರ ನಿಂತಿತು. ಅಲ್ಲಿರುವವರು ಎದ್ದು ಬಂದು ಆಕ್ಷೇಪ ಹೇಳಲಾರರು ಎಂದು ಎಲ್ಲರಿಗೂ ನೆಮ್ಮದಿಯಾಯಿತು.

ನನಗೆ ತಡೆಯಲಾಗಲಿಲ್ಲ. "ನಾವು ದಾಟೋದು ಎಲ್ಲಿ ಹಾಗಾದ್ರೆ?" ಎಂದೆ.

ಗೋಡೌನು ತುಂಬ ನಗು. "ನಾದಿನಿಗೊಂದು ಹೆಲಿಕಾಪ್ಟರ್ ತರಿಸೋಣ ಬಿಡಿ" ಎಂದರು ಭಾವ. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು, ನಕ್ಕು ನನ್ನನ್ನು ಕೆಕ್ಕರಿಸಿ ನೋಡಿದರು. ಅಕ್ಕ ನನ್ನ ಸೆರಗು ಹಿಡಿದು ಹಿಂದಕ್ಕೆಳೆದಳು.

ಎಂಜಿನಿಯರ್ ನಕ್ಷೆಯನ್ನು ಇನ್ನೊಮ್ಮೆ ನೋಡಿದ. ಸ್ಮಶಾನದಿಂದ ಸ್ವಲ್ಪ ದೂರಕ್ಕೇ ದೊಡ್ಡ ಸರ್ಕಲ್ ಬರುತ್ತದೆ, ಅಲ್ಲಿ ತಿರುವು ಇದ್ದೇ ಇದೆ, ಅಷ್ಟು ಹತ್ತಿರದಲ್ಲಿ ಇನ್ನೊಂದು ಯಾಕೆ ಎಂದ. ಬೇಡವೇ ಬೇಡ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ದೇಶಕ್ಕೆ ಒಂದು ಖರ್ಚು ಉಳಿಸಿದ ತೃಪ್ತಿಯಲ್ಲಿ ಎದ್ದು ಪ್ಯಾಂಟಿನ ಸಿಮೆಂಟ್ ಕೊಡವಿಕೊಂಡರು.

ಗೋಡೆ ಒಂದೇ ದಿನ ಏಳಲಿಲ್ಲ. ಮೊಣಕಾಲೆತ್ತರ ಇದ್ದಾಗ ಸೀರೆ ಎತ್ತಿ ದಾಟಿದೆವು. ಸೊಂಟದೆತ್ತರ ಆದಾಗ ಎರಡೂ ಬದಿ ಸ್ಟೂಲ್ ಇಟ್ಟುಕೊಂಡು, ನಡುವಿನ ಹಸಿ ಮಣ್ಣಿನ ಮೇಲೆ ನಡೆದು ಗಂಟು ಬದಲಾಯಿಸಿದೆವು. ಆಳೆತ್ತರ ಆದಾಗ ಕೆಲಸದವರು ಏಣಿ ಕೊಟ್ಟರು, ಸೂಪರ್‌ವೈಸರ್ ಅದನ್ನು ಕಸಿದುಕೊಂಡ. ಆಮೇಲೆ ಫೋನ್ ಒಂದೇ ಗತಿ. ವಾಹನಗಳು ಇನ್ನೂ ಶುರುವಾಗಿರದ ಆ ತಿಂಗಳುಗಳಲ್ಲಿ ಅಕ್ಕನ ಮಾತು ನನಗೆ ಎರಡೆರಡು ಸಲ ಕೇಳುತ್ತಿತ್ತು, ಒಂದು ಫೋನಿನಲ್ಲಿ, ಇನ್ನೊಂದು ಗೋಡೆಯ ಮೇಲಿಂದ. ಮಾಳಿಗೆ ಹತ್ತಿ ಕೈ ಬೀಸುತ್ತಲೂ ಇದ್ದೆವು. ಕೈ ಬೀಸುವುದು ದೂರದೂರಿಗೆ ಹೊರಟವರಿಗೆ. ನಾಲ್ಕು ದಿನ ಬೀಸಿ, ಇಬ್ಬರಿಗೂ ನಾಚಿಕೆಯಾಗಿ ಬಿಟ್ಟುಬಿಟ್ಟೆವು.

ಹೆದ್ದಾರಿ ಕಟ್ಟಿದವರು ನನ್ನ ಗಂಡನ ಅಂಗಡಿಯಿಂದ ಒಂದು ಮೊಳೆಯನ್ನೂ ಕೊಳ್ಳಲಿಲ್ಲ. ಅವರ ಸಿಮೆಂಟ್ ಅವರದೇ ಲಾರಿಯಲ್ಲಿ ಬಂತು. ರಸ್ತೆ ಶುರುವಾದ ಮೇಲೆ ಆ ಬದಿಯ ಗಿರಾಕಿಗಳು ಮಂಗಮಾಯ. ಚಪ್ಪಲಿ ಅಂಗಡಿಗೆ ಈ ಬದಿಯವರಿಲ್ಲ, ಹಾರ್ಡ್‌ವೇರಿಗೆ ಆ ಬದಿಯವರಿಲ್ಲ, ಔಷಧಿ ಅಂಗಡಿಯವರಿಗೆ ಅರ್ಧ ಬೀದಿಯ ಕಾಯಿಲೆ ಮಾತ್ರ. ಯಾವ ಮೆಟ್ಟಿಲು ಉಳಿಯಲೆಂದು ಅಷ್ಟು ಹಟ ಹಿಡಿದರೋ ಅದರ ಮೇಲೆ ನನ್ನ ಗಂಡ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂತರು. ಬೀದಿಯವರೆಲ್ಲ ಒಟ್ಟಾಗಿ ಅಂಡರ್‌ಪಾಸ್ ಬೇಕೆಂದು ಕೇಳಲು ಹೋದರು. ಹುಡುಗ ಎಂಜಿನಿಯರಿಗೆ ವರ್ಗವಾಗಿತ್ತು. ಅವನ ಜಾಗಕ್ಕೆ ಬಂದವನು, "ಬೇಡ ಅಂದವರು ನೀವೇ ಅಲ್ವಾ?" ಎಂದನಂತೆ. ಅದನ್ನು ಹೇಳುವಾಗ ನನ್ನ ಗಂಡನ ಮುಖ ನೋಡಲಾಗುತ್ತಿರಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು ಅಂತಲೂ ಇಲ್ಲ, ಯಾಕೆಂದರೆ ಮುಳುಗಿದ್ದು ಅವರೊಬ್ಬರೇ ಅಲ್ಲ.

ಅಕ್ಕನ ಮನೆಗೆ ಹೋಗಬೇಕಾದರೆ ಈಗ ಆಟೋ ಹಿಡಿದು ಸರ್ಕಲ್‌ವರೆಗೆ ಹೋಗಿ, ತಿರುಗಿ, ಅಷ್ಟೇ ದೂರ ವಾಪಸ್ಸು ಬರಬೇಕು. ಆ ವರ್ಷ ಯೂನಿಫಾರಂ ಗಂಟುಗಳು ಆಟೋದಲ್ಲಿ ಓಡಾಡಿದವು. ಕತ್ತರಿಸಿದ್ದು ಹೋಯಿತು, ಹೊಲಿದದ್ದು ಬಂತು, ಗುಂಡಿ ಹಾಕಿದ್ದು ಹೋಯಿತು. ಒಂದು ಕಾಲರ್ ಹೆಚ್ಚುಕಮ್ಮಿಯಾದರೆ ಮತ್ತೆ ಆಟೋ. ಕೊನೆಗೆ ನಮಗೆ ಉಳಿದದ್ದು ಸೊಂಟನೋವು. "ಮುಂದಿನ ವರ್ಷ ಏನಾದ್ರೂ ದಾರಿ ಹುಡುಕೋಣ ಕಣೇ" ಎಂದಳು ಅಕ್ಕ ಫೋನಿನಲ್ಲಿ. ಆಗ ಅವಳ ಮಾತು ಒಂದೇ ಸಲ ಕೇಳುತ್ತಿತ್ತು, ಅದೂ ಲಾರಿಗಳ ಸದ್ದಿನ ನಡುವೆ.

ಮುಂದಿನ ವರ್ಷ ಬಂತು. ಶಾಲೆ ಶುರುವಾಗುವ ಕಾಲ ಹತ್ತಿರವಾಯಿತು. ಶಾಲೆಯಿಂದ ಬಟ್ಟೆಯ ಥಾನು ಬರಬೇಕು, ಬರಲಿಲ್ಲ. ಅಕ್ಕನನ್ನು ಕೇಳಿದರೆ "ಹೆಡ್‌ಮಾಸ್ಟರು ಇನ್ನೂ ಏನೂ ಹೇಳಿಲ್ಲ" ಎಂದಳು. ಇನ್ನೊಂದು ಸಲ ಕೇಳಿದರೆ "ನೋಡೋಣ ಇರು" ಎಂದಳು. ಮೂರನೇ ಸಲ ಫೋನ್ ಎತ್ತಲಿಲ್ಲ. ಕೆಲಸದಲ್ಲಿದ್ದಾಳೆ ಎಂದುಕೊಂಡೆ. ಎಷ್ಟು ಸರಿಯಾಗಿ ಎಣಿಸಿದ್ದೆ ಎಂದು ಆಮೇಲೆ ಗೊತ್ತಾಯಿತು.

ಹೇಳಿದವನು ದಾರ, ಗುಂಡಿ ಮಾರುವವನು. ಸ್ಕೂಟರಿನಲ್ಲಿ ಎರಡೂ ಬದಿ ಸುತ್ತುವವನು ಅವನೊಬ್ಬನೇ. "ಏನಮ್ಮಾ, ಈ ಸಲ ನೀವು ಆರಾಮಾಗಿದ್ದೀರಿ! ನಿಮ್ಮಕ್ಕ ಕಟಿಂಗ್ ಮಾಸ್ಟರನ್ನ ಇಟ್ಕೊಂಡ ಮೇಲೆ ನಿಮಗೆ ರಜಾ ಅನ್ನಿ" ಎಂದ. ನಾನು ನಕ್ಕೆ. ನಗುತ್ತಲೇ ಅವನಿಗೆ ಚಹಾ ಕೊಟ್ಟೆ. ಅವನು ಹೋದ ಮೇಲೆ ಕತ್ತರಿ ಎತ್ತಿ ಗೋಡೆಗೆ ಬೀಸಿ ಒಗೆದೆ.

ಮರುದಿನವೇ ಆಟೋ ಹತ್ತಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಟ್ಟುಕೊಂಡೆ. ಚಿಕ್ಕಂದಿನಿಂದ ನಾನು ಅವಳಿಗೆ ಬಿಟ್ಟುಕೊಟ್ಟದ್ದನ್ನೆಲ್ಲ ಒಂದೊಂದಾಗಿ ಎತ್ತಿ ಆಡಬೇಕು, ಜುಟ್ಟು ಹಿಡಿಯುವುದೊಂದು ಬಾಕಿ ಇರಬೇಕು, ಹಾಗೆ ಜಗಳವಾಡಬೇಕು ಎಂದುಕೊಂಡಿದ್ದೆ.

ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ, ನಡುಮನೆಯಲ್ಲಿ ಉದ್ದನೆಯ ಮೇಜು. ಮೇಜಿನ ಹಿಂದೆ ಕುತ್ತಿಗೆಗೆ ಟೇಪು ಹಾಕಿಕೊಂಡ ಒಬ್ಬ ಬಡಕಲು ಮನುಷ್ಯ. ನೀಲಿ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಹಾಸಿ ಕತ್ತರಿಸುತ್ತಿದ್ದ. ಕತ್ತರಿ ನೆಟ್ಟಗೇ ಹೋಗುತ್ತಿತ್ತು.

"ಯಾರು ಬೇಕಿತ್ತಮ್ಮಾ?" ಎಂದು ನನ್ನನ್ನು ಕೇಳಿದ.

ಅಷ್ಟರಲ್ಲಿ ಒಳಗಿಂದ ಅಕ್ಕ ಬಂದಳು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತೋ ನನಗೆ ಗೊತ್ತಿರಲಿಲ್ಲ. "ಅಯ್ಯೋ, ನೀನಾ! ಬಾ, ಕೂತ್ಕೋ ಬಾ" ಎಂದು ಕುರ್ಚಿ ಎಳೆದಳು. ಆ ಮನೆಯಲ್ಲಿ ಅವತ್ತಿನವರೆಗೆ ನನಗೆ ಯಾರೂ ಕುರ್ಚಿ ಎಳೆದು ಕೊಟ್ಟಿರಲಿಲ್ಲ.

"ಒಂದು ಮಾತು ಹೇಳಬಾರದಾಗಿತ್ತಾ?" ಎಂದೆ. ಜೋಡಿಸಿಟ್ಟಿದ್ದ ಅಷ್ಟೂ ಬೈಗುಳಗಳಲ್ಲಿ ಹೊರಬಂದದ್ದು ಇಷ್ಟೇ.

"ಏನಂತ ಹೇಳ್ಲಿ?" ಅವಳು ಕಣ್ಣು ತಪ್ಪಿಸಲಿಲ್ಲ. "ಹೋದ ವರ್ಷ ನಿನಗೆ ಉಳಿದದ್ದೆಷ್ಟು, ನನಗೆ ಉಳಿದದ್ದೆಷ್ಟು, ನೀನೇ ನೋಡಿದ್ದೀಯಲ್ಲ. ಹೊಸ ರಸ್ತೆಯಲ್ಲಿ ರೆಡಿಮೇಡ್ ಕಂಪನಿಯವರು ಲಾರಿ ತಂದು ಶಾಲೆ ಮುಂದೆ ನಿಲ್ಲಿಸಿದ್ರು. ನಾನು ಅವರಿಗಿಂತ ಕಡಿಮೆಗೆ ಒಪ್ಪದೇ ಇದ್ದಿದ್ರೆ ಅದೂ ಹೋಗ್ತಿತ್ತು. ನಿಮ್ಮ ಭಾವನ ಅಂಗಡಿ ಮುಚ್ಚೋ ಹಾಗಿದೆ. ಬದುಕಬೇಕಲ್ವೇನೇ?"

"ಮತ್ತೆ ನಾನು?"

ಮಾಸ್ಟರ್ ಕತ್ತರಿಸುವುದನ್ನು ನಿಲ್ಲಿಸಿ, ಮತ್ತೆ ಶುರುಮಾಡಿದ. "ನಿಮ್ಮ ಬದೀಲೂ ಯಾವುದಾದ್ರೂ ಶಾಲೆ ಇರಬೇಕು, ಕೇಳಿ ನೋಡು" ಎಂದಳು ಅಕ್ಕ ಕೊನೆಗೆ, ಮೆಲ್ಲಗೆ.

ಬೈಯಬೇಕೆಂದರೆ ಅವಳ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಮೊದಲಾಗಿದ್ದರೆ ಸುಳ್ಳಿಲ್ಲದಿದ್ದರೂ ಬೈಯುತ್ತಿದ್ದೆ, ಸಂಜೆ ಗಂಟು ತರುವಾಗ ಸರಿಹೋಗುತ್ತದೆಂಬ ಧೈರ್ಯವಿರುತ್ತಿತ್ತು. ಈಗ ಬೈದು ಹೋದರೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಭಯವಾಯಿತು. ನನ್ನಕ್ಕನ ಮುಂದೆ ನನಗೆ ಭಯವಾದದ್ದು ಅದೇ ಮೊದಲು.

ಅವಳು ಚಹಾ ತಂದಳು. ಗಾಜಿನ ಬೀರುವಿನಲ್ಲಿಡುವ, ಬಂಗಾರದ ಅಂಚಿನ ಕಪ್ಪಿನಲ್ಲಿ, ತಟ್ಟೆಯ ಸಮೇತ. ಕುಡಿದು ಕಪ್ಪು ತೊಳೆದಿಡಲು ಅಡುಗೆಮನೆಯ ಕಡೆ ಹೊರಟೆ. "ಬಿಡು ಬಿಡು, ನೀನ್ಯಾಕೆ? ಅಲ್ಲೇ ಇಡು" ಎಂದು ಕೈಯಿಂದ ಇಸಿದುಕೊಂಡಳು. ಅಷ್ಟರಲ್ಲಿ ಯಾರೋ ತಾಯಿ ಮಗಳನ್ನು ಅಳತೆ ಕೊಡಿಸಲು ಕರೆತಂದಳು. ಅಕ್ಕ ಅವರ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ನಾನೇ ಹೊರಟೆ.

ಬಾಗಿಲವರೆಗೆ ಬಂದು ನನ್ನ ಭುಜ ಮುಟ್ಟಿದಳು. "ಮುಂದಿನ ಸಲ ಬರೋ ಮುಂಚೆ ಒಂದು ಫೋನ್ ಮಾಡೇ. ಹೀಗೆ ಕೆಲಸದ ನಡುವೆ ಬಂದ್ರೆ ನಿನ್ನ ಜೊತೆ ಕೂರೋಕೂ ಆಗಲ್ಲ ನೋಡು."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಆಯ್ತಕ್ಕ, ಮಾಡ್ತೀನಿ" ಎಂದೆ.

ಕೆಳಗಿಳಿದು ಗೋಡೆಯ ಪಕ್ಕ ನಿಂತೆ. ತಲೆಯ ಮೇಲೆ ಲಾರಿಗಳು ಒಂದರ ಹಿಂದೊಂದು ದೇಶವನ್ನು ಮುಂದಕ್ಕೆ ಒಯ್ಯುತ್ತಿದ್ದವು. ಒಂದು ಖಾಲಿ ಆಟೋ ಬಂತು. ಹತ್ತಿ ಕೂತೆ.

"ಎಲ್ಲಿಗೆ ಹೋಗ್ಬೇಕಮ್ಮಾ?"

"ಎದುರು ಮನೆಗೆ" ಎಂದೆ.

ಅವನು ಹಿಂತಿರುಗಿ ನನ್ನ ಮುಖ ನೋಡಿದ. ಆಮೇಲೆ, ವಿಳಾಸ ಸರಿಯಾಗಿ ಹೇಳಿ ಎಂದ.