ತಬಲಾ ಬಾರಿನ ಕೈಗವಸು

ಎಮ್ಮೆಯ ಬೆನ್ನಿನ ಕೆಲವು ತುಂಡು ತೊಗಲು, ಆರು ಮೊಳ ಬಾರು, ಒಬ್ಬ ಹೊಲಿಗೆಯವನ ಅರ್ಧ ದಿನ. ನಾನು ಹುಟ್ಟುವುದಕ್ಕೆ ತಗುಲಿದ್ದು ಇಷ್ಟು. ನಾನು ಬೇಸ್‌ಬಾಲ್ ಆಟದ ಒಂದು ಕೈಗವಸು. ಈ ಆಟದಲ್ಲಿ ಚೆಂಡು ಎಸೆಯುವ ಕೈ ಬರಿಗೈ. ಹಿಡಿಯುವ ಕೈಗೆ ಮಾತ್ರ ಗವಸು. ಹೆಚ್ಚಿನವರು ಬಲಗೈಯಲ್ಲಿ ಎಸೆಯುವುದರಿಂದ ನನ್ನ ಜೊತೆಯವೆಲ್ಲ ಎಡಗೈಗೆಂದು ಹುಟ್ಟಿದವು. ಆ ಗುಂಪಿನಲ್ಲಿ ಬಲಗೈಗೆ ಹುಟ್ಟಿದ್ದು ನಾನೊಂದೇ.

ಜಲಂಧರಿನ ಕಾರ್ಖಾನೆಯಿಂದ ಹುಬ್ಬಳ್ಳಿಯ ಅಂಗಡಿಗೆ ಬಂದು ಎರಡು ವರ್ಷ ಮೊಳೆಗೆ ನೇತಾಡಿದೆ. ಬಂದವರು ಎಡಗೈ ತುರುಕಿ ನೋಡಿ, "ಇದು ಉಲ್ಟಾ ಐತ್ರಿ" ಎಂದು ಮರಳಿ ಸಿಕ್ಕಿಸುತ್ತಿದ್ದರು. ಕೊನೆಗೊಂದು ದಿನ ಧಾರವಾಡದ ರತ್ನಮಾಲಾ ಬಂದಳು. ಎಡಚಿ. ಬಲಗೈ ನನ್ನೊಳಗೆ ಇಳಿಸಿ, ಬೆರಳು ಮಡಚಿ, "ಇದ ನನ್ದು" ಎಂದಳು.

ಪಿಯುಸಿಯಿಂದ ಪದವಿಯ ಕೊನೆಯವರೆಗೆ ಅವಳ ಜೊತೆಗಿದ್ದೆ. ಉಳಿದ ಹುಡುಗಿಯರು ಗವಸು ಅದಲುಬದಲು ಮಾಡಿಕೊಳ್ಳುತ್ತಿದ್ದರು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಅವಳಿಗೆ ಕೊಡಲು ಬಲಗೈಯ ಗವಸು ಯಾರ ಬಳಿಯೂ ಇರಲಿಲ್ಲ. ಸಂಜೆ ಅವಳೊಬ್ಬಳೇ ನೀರಿನ ಟ್ಯಾಂಕಿನ ಗೋಡೆಗೆ ಚೆಂಡು ಹೊಡೆದು ಹಿಡಿಯುತ್ತಿದ್ದಳು. ಅವಳ ಬೆವರಿಗೆ ನನ್ನ ಅಂಗೈ ತಗ್ಗಾಯಿತು.

ರಾಜ್ಯ ತಂಡದ ಆಯ್ಕೆಗೆ ಮೂರು ದಿನವಿದ್ದಾಗ ನನ್ನ ಬಾರು ಹರಿದು, ಹೆಬ್ಬೆರಳು ಕಳಚಿಕೊಂಡಿತು. ಈ ಸಲವೂ ಆಯ್ಕೆಯಾಗದಿದ್ದರೆ ಆಟ ಬಿಟ್ಟು ಬ್ಯಾಂಕಿನ ಪರೀಕ್ಷೆಗೆ ಓದಬೇಕೆಂದು ಮನೆಯಲ್ಲಿ ಮಾತಾಗಿತ್ತು. ಚಪ್ಪಲಿ ಹೊಲಿಯುವವನು ನೋಡಿ, "ಇದು ನನ್ನ ಕೈಲೆ ಆಗೂದಿಲ್ಲವ್ವ. ತಬಲಾ ಮಾಡೂ ಮಕ್ತುಮಸಾಬರ ಕಡೆ ಹೋಗು, ಗಟ್ಟಿ ಬಾರು ಅವರ ಕಡೆನ ಇರ್ತಾವ" ಎಂದ.

ಮಕ್ತುಮಸಾಬ ನನ್ನನ್ನು ತಿರುವಿ ನೋಡಿದ. "ಇನ್ನೊಂದು ಎಲ್ಲೈತಿ ತಂಗಿ?"

"ಒಂದ ಇರೂದ್ರಿ ಚಾಚಾ."

"ತಬಲಾಕ್ಕರ ಡಗ್ಗಾ ಜೋಡಿ ಇರ್ತೈತಿ. ಪಾಪ, ಇದು ಸನ್ಯಾಸಿ!"

ಅವನು ಬಾರು ನೆನೆಸಿದ, ದಬ್ಬಳದಿಂದ ತೂತು ಬಿಡಿಸಿದ, ಕಾಲು ಒತ್ತುಕೊಟ್ಟು ಎಳೆದ. ಎಳೆದಾಗೊಮ್ಮೆ ನನ್ನ ಅಂಗೈಗೆ ಬೆರಳು ಬಡಿದು ಕಿವಿಗೊಟ್ಟ. ಕೊನೆಗೆ, "ಈಗ ಶ್ರುತಿಗೆ ಬಂತು ನೋಡು" ಎಂದ. ಅವಳು ನನ್ನೊಳಗೆ ಚೆಂಡು ಎಸೆದು ನೋಡಿದಳು. ಅದು ಟಣ್ಣೆಂದು ಪುಟಿದು ಬೀದಿಗೆ ಹೋಯಿತು. ಮಕ್ತುಮಸಾಬ ನಕ್ಕ. ಅವಳು ಚೆಂಡು ಹೆಕ್ಕಿ ತಂದಳು.

"ಸಡ್ಲ ಬೇಕ್ರಿ ಚಾಚಾ. ಚೆಂಡು ಒಳಗ ಕೂಡಬೇಕು."

"ನಲವತ್ತು ವರ್ಷ ಬಿಗೀಯೂದ ಕಲ್ತೇನಿ. ಸಡ್ಲ ಮಾಡ್ರಿ ಅಂತ ಇವತ್ತಿನಮಟಾ ಒಬ್ಬರೂ ಬಂದಿಲ್ಲ." ಹೇಳುತ್ತಲೇ ಅವನು ಎಲ್ಲ ಬಾರನ್ನೂ ಬಿಚ್ಚಿದ. "ಕೈ ಹಾಕು. ನಾ ಹೇಳೂತನಕ ತಗೀಬ್ಯಾಡ."

ಅವಳ ಕೈ ಒಳಗಿರುವಾಗಲೇ, ಆ ಕೈಯ ಅಳತೆಗೆ, ಒಂದೊಂದೇ ತೂತಿನಲ್ಲಿ ಬಾರು ಪೋಣಿಸಿದ. ಎರಡು ತಾಸು. ಒಳಗೆ ಅವಳ ಕೈ, ಹೊರಗೆ ಅವನ ಕೈ. ನನ್ನ ಆಯುಷ್ಯದಲ್ಲಿ ನನಗೆ ಇಬ್ಬರ ಜೊತೆ ಸಿಕ್ಕಿದ್ದು ಆ ಎರಡೇ ತಾಸು.

ಆಯ್ಕೆಯ ದಿನ ಬಂದ ಚೆಂಡನ್ನೆಲ್ಲ ಹಿಡಿದೆವು. ಕೊನೆಯದು ನೆಲಕ್ಕೆ ಗೇಣು ಮೇಲಿತ್ತು. ಅವಳು ಮೈ ಚೆಲ್ಲಿ ಬಿದ್ದಳು, ನಾನು ಬಿಡಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರು ಬಂತು.

ರಾಜ್ಯ ತಂಡದಲ್ಲಿ ಎಲ್ಲರಿಗೂ ಹೊಸ ಗವಸು ಕೊಟ್ಟರು. ಅವಳ ಅಳತೆಯದನ್ನೂ ತರಿಸಿದರು. ಅವಳು ನನ್ನನ್ನು ಒರೆಸಿ, ಎಣ್ಣೆ ಸವರಿ, ಕಾಲೇಜಿನ ಆಟದ ಕೋಣೆಯ ಕಪಾಟಿನಲ್ಲಿಟ್ಟಳು. ಮರುವರ್ಷ ಒಮ್ಮೆ ಬಂದು ಕೈ ಹಾಕಿದಳು. ಹೊಸದಕ್ಕೆ ಒಗ್ಗಿದ ಬೆರಳುಗಳು ನನ್ನೊಳಗೆ ದಾರಿ ಹುಡುಕಿದವು. "ಭಾಳ ದುಡೀತು ಇದು" ಎಂದು ಗೆಳತಿಗೆ ಹೇಳಿ ಬಾಗಿಲು ಹಾಕಿದಳು.

ನನಗೆ ಬೇಸರವಿದೆ, ದೂರಿಲ್ಲ. ಆ ದಿನ ನಾನು ಚೆಂಡು ಬಿಟ್ಟಿದ್ದರೆ ಅವಳು ಆಟ ಬಿಡುತ್ತಿದ್ದಳು, ನಾನು ಅವಳ ಮನೆಯಲ್ಲಿ ಇರುತ್ತಿದ್ದೆ. ಬಿಡಲಿಲ್ಲ. ಅವಳಿಗೆ ಆಟ ಸಿಕ್ಕಿತು. ನನಗೆ ಅವಳು ತಪ್ಪಿದಳು.