ಉತ್ತರ ಗೊತ್ತಿರುವ ಪ್ರಶ್ನೆ

“ಕಿಟಕಿ ತೆಗೀರೋ! ಚರ್ಮದ ಕೇರಿ ಎದ್ದು ನಿಂತಿದೆ,” ಎಂದರು ಮೇಷ್ಟ್ರು. ಎದ್ದು ನಿಂತವಳು ನಾನು. ತರಗತಿಯೆಲ್ಲ ಮೂಗು ಮುಚ್ಚಿಕೊಂಡು ನಕ್ಕಿತು.

ಚರ್ಮ ಹದಮಾಡುವ ಕಾರ್ಖಾನೆಯೂ ಧಣಿಗಳದ್ದೇ, ಹೈಸ್ಕೂಲೂ ಧಣಿಗಳದ್ದೇ. ವಾಸನೆ ಮಾತ್ರ ನಮ್ಮದು. ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಕೂಲಿಯವರ ಮಗುವೊಂದು ವಂದನಾ ಭಾಷಣ ಮಾಡಬೇಕೆಂದು ಧಣಿಗಳಿಗೆ ಆಸೆಯಾಗಿತ್ತು. ಹತ್ತನೇ ಕ್ಲಾಸಿನವರೆಗೆ ಉಳಿದ ಕೂಲಿಯವರ ಮಗು ನಾನೊಬ್ಬಳೇ.

ಮೇಷ್ಟ್ರು ಧಣಿಗಳ ಹೋದ ವರ್ಷದ ಭಾಷಣವನ್ನು ಹಲಗೆಯ ಮೇಲೆ ಬರೆದು, ಕೋಳಿ ಕುಯ್ದಂತೆ ಬಿಡಿಸಿ ತೋರಿಸಿದರು.

“ಇಲ್ಲಿ ನಗಿಸಿದಾರೆ. ಇಲ್ಲಿ ಕಣ್ಣೀರು. ಇಲ್ನೋಡಿ, ಪ್ರಶ್ನೆ: ‘ನಿಮಗೆ ಅನ್ನ ಕೊಟ್ಟೋರು ಯಾರು?’ ಉತ್ತರ ಗೊತ್ತಿರೋ ಪ್ರಶ್ನೆ ಕೇಳಬೇಕು. ಒಂದು ಸಲ ಜನ ಬಾಯಿ ಬಿಟ್ರೆ ಆಮೇಲೆ ಬಿಗಿ ಹಿಡಿಯೋಕಾಗಲ್ಲ.”

“ಸಾರ್, ಆಮೇಲೆ ಏನು ಕೇಳಿದ್ರೂ ಅದನ್ನೇ ಹೇಳ್ತಾರಾ?”

“ಹೇಳ್ತಾರೆ ಕಣೇ. ಕುರಿಗಳು.”

ಆ ಮಾತನ್ನು ದೇವರ ಹೂವಿನಂತೆ ಜೋಪಾನವಾಗಿ ಮನೆಗೆ ಒಯ್ದೆ.

ಅವ್ವ ಉರಿಯುವ ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತ ಕೂತಿದ್ದಳು. ಬರಿಗೈಯಲ್ಲಿ ಸುಣ್ಣದ ತೊಟ್ಟಿಯಿಂದ ತೊಗಲು ಎತ್ತಿ ಎತ್ತಿ ಅವಳ ಅಂಗೈಯ ಗೆರೆಗಳೇ ಅಳಿಸಿಹೋಗಿವೆ. ರಬ್ಬರ್ ಗ್ಲೌಸು ಸಿಗುವುದು ವಾರ್ಷಿಕೋತ್ಸವದ ಫೋಟೋಕ್ಕೆ ಮಾತ್ರ. ಸಂಜೆ ಸೂಪರ್‌ವೈಸರ್ ಕಿತ್ತುಕೊಂಡು ಉಗ್ರಾಣಕ್ಕೆ ಹಾಕುತ್ತಾನೆ.

“ಹೊಗಳಿ ಬಿಡೇ ನನ್ನವ್ವ,” ಎಂದಳು. “ಕೆಲಸ ಹೋದ್ರೆ ಈ ಕೈನ ಯಾವನು ಮೂಸಿ ನೋಡ್ತಾನೆ? ದೇವರೂ ಮುಖ ತಿರುಗಿಸ್ಕೋತಾನೆ.”

ವಾರ್ಷಿಕೋತ್ಸವದ ದಿನ ಧಣಿಗಳು ದೊಡ್ಡ ಕುರ್ಚಿಯಲ್ಲಿ ಹೊಟ್ಟೆ ಇಳಿಬಿಟ್ಟು ಕೂತಿದ್ದರು. ಕೆಳಗೆ ನೀಲಿ ಗ್ಲೌಸು ತೊಟ್ಟ ನಮ್ಮವರು. ಸೂಪರ್‌ವೈಸರ್ ಕೋಲು ಎತ್ತಿದಾಗೆಲ್ಲ ‘ಧಣಿಗಳು’ ಎಂದು ಕೂಗಬೇಕೆಂದು ಅಪ್ಪಣೆಯಾಗಿತ್ತು. ನಾನು ಮೈಕಿನ ಮುಂದೆ ನಿಂತು ಕೇಳಿದೆ:

“ನಮಗೆ ಅನ್ನ ಕೊಟ್ಟೋರು ಯಾರು?”

“ಧಣಿಗಳು!”

“ಶಾಲೆ ಕಟ್ಟಿಸಿದೋರು?”

“ಧಣಿಗಳು!”

ಧಣಿಗಳು ಕಣ್ಣು ಮುಚ್ಚಿ ತಲೆದೂಗತೊಡಗಿದರು.

“ಈ ಗ್ಲೌಸು ಕೊಟ್ಟೋರು?”

“ಧಣಿಗಳು!”

“ಸಂಜೆ ಕಿತ್ಕೊಳ್ಳೋರು?”

“ಧಣಿಗಳು!”

ಕೂಗಿದ ಮೇಲೆ ಜನ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡರು. ಯಾವನೋ ಮುದುಕ ಕಿಸಕ್ಕೆಂದ. ನಗು ಸಾಲಿನಿಂದ ಸಾಲಿಗೆ ಹರಿಯಿತು. ಧಣಿಗಳ ತಲೆ ಮಾತ್ರ ಇನ್ನೂ ದೂಗುತ್ತಲೇ ಇತ್ತು.

ಮೇಷ್ಟ್ರು ಮೈಕಿನ ತಂತಿ ಕಿತ್ತರು. ಸೂಪರ್‌ವೈಸರ್ ನೆಟ್ಟಗೆ ಅವ್ವನ ಬಳಿ ಹೋದ.

“ನಿನ್ನ ಮಗಳೇನೇ ಮುಂಡೆ? ನಾಳೆಯಿಂದ ಈ ಕಡೆ ತಲೆ ಹಾಕಬೇಡ. ಬಿಚ್ಚು ಗ್ಲೌಸು!”

ಅವ್ವ ನನ್ನನ್ನು ನೋಡಿದಳು. ಅವಳು ಎರಡೂ ಮುಷ್ಟಿ ಬಿಗಿದು ಅವನ ಮೂಗಿನ ಮುಂದೆ ಹಿಡಿದಳು.

“ಬಾರೋ ಬೋಳಿಮಗನೇ. ಕಿತ್ಕೋ.”

ಅವನು ಮಣಿಕಟ್ಟಿನ ಅಂಚು ಹಿಡಿದು ಎಳೆದ. ರಬ್ಬರು ಉದ್ದವಾಯಿತು, ಇನ್ನೂ ಉದ್ದವಾಯಿತು. ಅವ್ವ ಮುಷ್ಟಿ ಸಡಿಲಿಸಲಿಲ್ಲ. ಅಕ್ಕಪಕ್ಕದವರೂ ಮುಷ್ಟಿ ಬಿಗಿದರು.

ಹಿಂದಿನ ಸಾಲಿನಿಂದ ಆ ಮುದುಕ ಕೇಳಿದ: “ಎಳೀತಿರೋದು ಯಾರ ನಾಯಿ?”

“ಧಣಿಗಳದು!”

ಈ ಸಲ ಯಾರೂ ಕೋಲು ಎತ್ತಿರಲಿಲ್ಲ.